ಬೋರಮಾಳ ಒಂದು ಬಿಟ್ಟು ಎಲ್ಲ ಸಿಕ್ಕಿತು

ನಮ್ಮ ಮನೆಯಲ್ಲಿ ಹುಡುಕಿದ ವಸ್ತು ಸಿಕ್ಕಿದ್ದು ನನಗೆ ನೆನಪಿಲ್ಲ. ಹಾಗಂತ ಬರಿಗೈಯಲ್ಲಿ ಎದ್ದು ಬಂದದ್ದೂ ಇಲ್ಲ. ಕತ್ತರಿ ಹುಡುಕಿದರೆ ನೇಲ್‌ಕಟರ್ ಸಿಗುತ್ತದೆ. ನೇಲ್‌ಕಟರ್ ಬೇಕಾದ ದಿನ ಥರ್ಮಾಮೀಟರ್ ಸಿಗುತ್ತದೆ. ಮಗಳಿಗೆ ಜ್ವರ ಬಂತೆಂದು ಥರ್ಮಾಮೀಟರಿಗಾಗಿ ಡ್ರಾಯರ್ ಎಳೆದರೆ ಅಲ್ಲಿ ಕತ್ತರಿ ಬಾಯಿ ತೆರೆದುಕೊಂಡು ಕೂತಿರುತ್ತದೆ.

ಮನೆ ಅಂದರೆ ಅರಮನೆಯೇನಲ್ಲ. ಘಾಟ್ಕೋಪರಿನ ಹಳೆಯ ಬಿಲ್ಡಿಂಗಿನಲ್ಲಿ ಎರಡನೇ ಮಹಡಿ. ಒಂದು ಹಾಲ್, ಒಂದು ಬೆಡ್‌ರೂಮ್, ಒಬ್ಬರು ಒಳಗಿದ್ದರೆ ಇನ್ನೊಬ್ಬರು ಹೊರಗೆ ಸರತಿ ಕಾಯಬೇಕಾದ ಅಡುಗೆಮನೆ. ಅದರಲ್ಲಿ ನಾನು, ನನ್ನ ಗಂಡ, ಅತ್ತೆ ಮತ್ತು ಜೂನಿಯರ್ ಕಾಲೇಜಿಗೆ ಹೋಗುವ ಮಗಳು. ನಾನು ಬೆಳಿಗ್ಗೆ ನಾಲ್ವರ ಅಡುಗೆ ಮಾಡಿಟ್ಟು, ಡಬ್ಬಿ ಕಟ್ಟಿಕೊಂಡು, ಲೋಕಲ್ ಹಿಡಿದು ದಾದರಿನ ಆಫೀಸಿಗೆ ಓಡುತ್ತೇನೆ. ಸಂಜೆ ಅದೇ ಲೋಕಲಿನಲ್ಲಿ ನಿಂತುಕೊಂಡು ವಾಪಸಾಗುತ್ತೇನೆ. ಕೂತು ಯೋಚನೆ ಮಾಡಲು ನನಗೆ ಸಮಯ ಸಿಗುವುದು ಹಾಗೆ ನಿಂತಿರುವಾಗ ಮಾತ್ರ. ಕಳೆಯಲು ಜಾಗವೇ ಇಲ್ಲದ ಮನೆಯಲ್ಲಿ ಇಷ್ಟೊಂದು ಸಾಮಾನು ಹೇಗೆ ಕಳೆಯುತ್ತದೆ ಎಂದು ವಿಕ್ರೋಳಿಯಿಂದಾಚೆಗೆ ಹೋಗುವವರ ಮೊಣಕೈ ತಿನ್ನುತ್ತಾ ಎಷ್ಟೋ ಸಲ ಯೋಚಿಸಿದ್ದೇನೆ. ಉತ್ತರ ಹೊಳೆಯುವಷ್ಟರಲ್ಲಿ ಘಾಟ್ಕೋಪರ್ ಬಂದು, ಜನ ನನ್ನನ್ನು ಹೊರಗೆ ಇಳಿಸಿರುತ್ತಾರೆ.

ಈ ಮಳೆಗಾಲದ ಶುರುವಿನಲ್ಲಿ ಕಳೆದದ್ದು ಮಾತ್ರ ಕತ್ತರಿಯಲ್ಲ.

೧. ಜೋಳದ ಡಬ್ಬಿ

ಕಳೆದದ್ದು ನನ್ನ ಬೋರಮಾಳ. ಬಂಗಾರದ ಗುಂಡುಗಳನ್ನು ಪೋಣಿಸಿದ ಸರ. ನಮ್ಮ ಧಾರವಾಡದ ಕಡೆ ಹೆಂಗಸರಿಗೆ ಅದು ಕೊರಳಲ್ಲಿ ಇಲ್ಲದಿದ್ದರೆ ಶುಭಕಾರ್ಯಕ್ಕೆ ಹೋದ ಹಾಗೇ ಅನ್ನಿಸುವುದಿಲ್ಲ. ನನ್ನದನ್ನು ಮಾಡಿಸಿಕೊಟ್ಟವಳು ನನ್ನ ಅವ್ವ. ಓಣಿಯ ಹೆಂಗಸರ ಜಂಪರ್ ಹೊಲಿದು ಹೊಲಿದು, ಈ ದೀಪಾವಳಿಗೆ ಒಂದಿಷ್ಟು ಗುಂಡು, ಮುಂದಿನ ದೀಪಾವಳಿಗೆ ಇನ್ನೊಂದಿಷ್ಟು ಎಂದು ಕೂಡಿಸಿ, ನನ್ನ ಮದುವೆಯ ಹೊತ್ತಿಗೆ ಸರ ಮಾಡಿದ್ದಳು. ಅವ್ವ ಈಗಿಲ್ಲ. ಅವಳ ಕೈಯಿಂದ ಬಂದದ್ದು ನನ್ನ ಹತ್ತಿರ ಉಳಿದಿರುವುದು ಅದೊಂದೇ. ಲೋಕಲಿನ ನೂಕುನುಗ್ಗಲಲ್ಲಿ ಹಾಕಿಕೊಂಡು ಓಡಾಡುವ ಹಾಗಿಲ್ಲ. ಹಬ್ಬಕ್ಕೆ, ಮದುವೆಗೆ ಹಾಕಿ ಮತ್ತೆ ತೆಗೆದಿಡುತ್ತೇನೆ.

ಮೇ ತಿಂಗಳಲ್ಲಿ ಊರಿಗೆ ಹೊರಟಾಗ ಅದನ್ನು ಹಳೆಯ ಕರವಸ್ತ್ರದಲ್ಲಿ ಕಟ್ಟಿ ಜೋಳದ ಡಬ್ಬಿಯ ತಳಕ್ಕೆ ಇಳಿಸಿದ್ದೆ. ನಮ್ಮಲ್ಲಿ ಪದ್ಧತಿಯೇ ಹಾಗೆ. ಮನೆಯ ಹೆಂಗಸು ಊರಿಗೆ ಹೊರಟಳೆಂದರೆ ಬಂಗಾರ ಅಡುಗೆಮನೆ ಸೇರಬೇಕು. ಅವ್ವ ಹಾಗೇ ಮಾಡುತ್ತಿದ್ದಳು, ಅತ್ತೆಯೂ ಆಯುಷ್ಯವಿಡೀ ಹಾಗೇ ಮಾಡಿದವರು. ಮುಂಬೈಯ ಕಳ್ಳ ಜೋಳದ ರೊಟ್ಟಿ ತಿನ್ನುವವನಲ್ಲ ಎಂಬ ಧೈರ್ಯ ಬೇರೆ. ನಾನೂ ಅತ್ತೆಯೂ ಮೊದಲು ಹೋದೆವು. ಗಂಡನಿಗೆ ರಜೆ ಸಿಗದೆ, ಮಗಳಿಗೆ ಕೋಚಿಂಗ್ ಮುಗಿಯದೆ, ಅವರಿಬ್ಬರೂ ಒಂದು ವಾರ ಇಲ್ಲೇ ಇದ್ದು ಆಮೇಲೆ ಬಂದರು.

ವಾಪಸು ಬಂದು ಮಳೆ ಶುರುವಾದ ಮೇಲೆ ಒಂದು ಸೋಮವಾರ ಬೆಳಿಗ್ಗೆ ಜೋಗೇಶ್ವರಿಯಿಂದ ನಾದಿನಿಯ ಫೋನು.

"ವೈನಿ, ಬರೋ ರವಿವಾರ ಮಗಳ ನಿಶ್ಚಯ ಇಟ್ಟೇವಿ. ಹುಡುಗನ ಮನಿಯವ್ರು ಭಾಳ ಗಡಿಬಿಡಿ ಮಾಡ್ಲಿಕ್ಕತ್ತಾರ. ಹಿರೇ ಸೊಸಿ ನೀವು, ಮುಂದ ನಿಂತು ಆರತಿ ಮಾಡೋರು ನೀವs. ಬೋರಮಾಳ ಹಾಕ್ಕೊಂಡ ಬರ್ರಿ."

ಫೋನಿಟ್ಟವಳೇ ಜೋಳದ ಡಬ್ಬಿ ತೆರೆದು ಮೊಣಕೈವರೆಗೆ ಕೈ ಇಳಿಸಿದೆ. ಜೋಳ. ಆ ಕಡೆ ಸರಿಸಿದೆ, ಜೋಳ. ಈ ಕಡೆ ಸರಿಸಿದೆ, ಜೋಳ. ಪೇಪರ್ ಹಾಸಿ ಡಬ್ಬಿಯನ್ನೇ ಬೋರಲು ಹಾಕಿದೆ. ಕರವಸ್ತ್ರವೂ ಇಲ್ಲ, ಸರವೂ ಇಲ್ಲ. ಅಷ್ಟರಲ್ಲಿ ಅತ್ತೆ ಬಾಗಿಲಿಗೆ ಬಂದು ನಿಂತರು.

"ಅಲ್ಲವಾ, ಆಫೀಸಿಗೆ ಹೋಗೋ ಹೊತ್ತಿನ್ಯಾಗ ಜ್ವಾಳ ಹರವಿಕೊಂಡ ಕುಂತೀಯಲ್ಲ?"

"ಹುಳಾ ಆಗ್ಯಾವೇನೋ ಅಂತ ನೋಡ್ಲಿಕ್ಕತ್ತೇನ್ರಿ ಅತ್ತಿ."

"ಹುಳಾ ಎಲ್ಲಿಂದ ಬರ್ತಾವ? ನಾ ಬೇವಿನ ಎಲಿ ಹಾಕೇನಿ," ಅಂದವರು ಪೇಪರಿನ ಮೇಲಿದ್ದ ಜೋಳವನ್ನೂ ನನ್ನ ಮುಖವನ್ನೂ ಒಂದು ಸಲ ನೋಡಿ ಲಗುಬಗೆಯಿಂದ ಒಳಗೆ ಹೋದರು.

ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ನಮ್ಮ ಬಿಲ್ಡಿಂಗಿನಲ್ಲೇ ಕೆಳಗಿನ ಮನೆಯಲ್ಲೊಮ್ಮೆ ಮೂಗುತಿ ಕಳೆದಾಗ, ಎಲ್ಲರೂ ಸೇರಿ ಕೆಲಸದವಳ ಚೀಲ ಬಿಚ್ಚಿಸಿದ್ದರು. ಮೂಗುತಿ ಆಮೇಲೆ ವಾಷಿಂಗ್ ಮಷೀನಿನ ಪೈಪಿನಿಂದ ಬಂತು. ಆ ಕೆಲಸದವಳು ಮಾತ್ರ ಮತ್ತೆ ಬರಲಿಲ್ಲ. ನಮ್ಮ ಮನೆಗೆ ಬರುವ ಕೆಲಸದ ಬಾಯಿ ವಿಜಯಪುರದ ಕಡೆಯವಳು, ನನ್ನ ಮಗಳು ತೊಟ್ಟಿಲಲ್ಲಿದ್ದಾಗಿನಿಂದ ಬರುತ್ತಿದ್ದಾಳೆ. 'ಬಂಗಾರ ಕಳೆದಿದೆ' ಎಂದು ನಾನು ಜೋರಾಗಿ ಉಸಿರು ಬಿಟ್ಟರೂ ಸಾಕು, ಪಕ್ಕದ ಮನೆಯವರ ಕಣ್ಣು ಮೊದಲು ಬೀಳುವುದು ಅವಳ ಮೇಲೆ. ಹಾಗಾಗಿ ಯಾರಿಗೂ ಹೇಳದೆ ರವಿವಾರದೊಳಗೆ ನಾನೇ ಹುಡುಕುವುದೆಂದು ನಿಶ್ಚಯಿಸಿದೆ.

ಜೋಳ ಮತ್ತೆ ಡಬ್ಬಿಗೆ ತುಂಬುವಾಗ ಒಂದೊಂದು ಕಾಳನ್ನೂ ನೋಡಿದೆ. ಅತ್ತೆಗೆ ಹೇಳಿದ ಸುಳ್ಳಾದರೂ ನಿಜವಾಗಲೆಂದು ಒಂದು ಹುಳಕ್ಕಾಗಿ ಹುಡುಕಿದೆ. ನಮ್ಮ ಮನೆಯಲ್ಲಿ ಹುಡುಕಿದ್ದು ಸಿಗುವುದಿಲ್ಲ ಅಂದೆನಲ್ಲ, ಅದೂ ಸಿಗಲಿಲ್ಲ.

೨. ಚಕ್ಕಿ

ಲೋಕಲಿನಲ್ಲಿ ನಿಂತಾಗ ಹೊಸ ಭಯವೊಂದು ಹುಟ್ಟಿತು. ಊರಿಂದ ಬಂದ ಮೇಲೆ ಒಂದು ಸಲ ಜೋಳ ಬೀಸಿಸಿದ್ದೆ. ಗಡಿಬಿಡಿಯಲ್ಲಿ ಚೀಲಕ್ಕೆ ಸುರಿದಾಗ ಗಂಟೂ ಅದರೊಂದಿಗೆ ಹೋಗಿದ್ದರೆ? ಅವ್ವನ ಬೋರಮಾಳವನ್ನು ನಾವೇ ರೊಟ್ಟಿ ಬಡಿದು ತಿಂದಿದ್ದರೆ? ಕುರ್ಲಾ ದಾಟುವಷ್ಟರಲ್ಲಿ ನನಗೆ ಹೊಟ್ಟೆಯಲ್ಲಿ ಭಾರವಾದ ಹಾಗೂ ಅನ್ನಿಸತೊಡಗಿತು.

ಸಂಜೆ ಇಳಿದವಳೇ ಸೀದಾ ಹಿಟ್ಟಿನ ಚಕ್ಕಿಗೆ ಹೋದೆ. ಚಕ್ಕಿಯವನು ಉತ್ತರಪ್ರದೇಶದವನು, ಹಿಟ್ಟಿನಲ್ಲಿ ಮಿಂದು ಬೆಳ್ಳಗೆ ನಿಂತಿದ್ದ. ನೇರವಾಗಿ ಕೇಳುವ ಹಾಗಿಲ್ಲವಲ್ಲ, ನನ್ನ ಹರಕು ಹಿಂದಿಯಲ್ಲಿ ಸುತ್ತಿಬಳಸಿ ಕೇಳಿದೆ.

"ಭೈಯಾ, ಹೋದ ಸಲ ನಮ್ಮ ಜ್ವಾರಿ ಬೀಸುವಾಗ ಮಷೀನ್ ಏನಾದರೂ ಬೇರೆ ಆವಾಜ್ ಮಾಡಿತಾ?"

"ಕೈಸಾ ಆವಾಜ್, ಮೇಡಂ?"

"ಅಂದರೆ... ಏನಾದರೂ ಗಟ್ಟಿ ವಸ್ತು ಸಿಕ್ಕ ಹಾಗೆ?"

"ಕಂಕರ್? ಮೇರೇ ಚಕ್ಕಿ ಮೇ ಕಂಕರ್?" ಅವನು ಕಲ್ಲಿನ ಮಾತೆತ್ತಿ ಕೂಗಿದ ರಭಸಕ್ಕೆ ಸಾಲಿನಲ್ಲಿದ್ದ ಹೆಂಗಸರೆಲ್ಲ ತಿರುಗಿದರು. ನಾನು 'ಇಲ್ಲ ಇಲ್ಲ, ಸುಮ್ಮನೆ ಕೇಳಿದೆ' ಎನ್ನುತ್ತಾ ಅಲ್ಲಿಂದ ಕಾಲು ಕಿತ್ತೆ.

ಊಟಕ್ಕೆ ಕೂತಾಗ ಅದೇ ಹಿಟ್ಟಿನ ರೊಟ್ಟಿ. ಪ್ರತಿ ತುತ್ತನ್ನೂ ನಾಲಿಗೆಯಿಂದ ತಡಕಿ ತಡಕಿ ನುಂಗಿದೆ. ಎಲ್ಲರಿಗೂ "ಸಾವಕಾಶ ಅಗೀರಿ, ನುಂಗಬ್ಯಾಡ್ರಿ" ಎಂದು ತಾಕೀತು ಮಾಡಿದೆ. ಗಂಡ ನನ್ನನ್ನು ವಿಚಿತ್ರವಾಗಿ ನೋಡಿ, "ಆಫೀಸಿನ್ಯಾಗ ಯಾರರೆ ಡಯಟ್ ಹೇಳಿ ಕೊಟ್ರೇನು?" ಅಂದರು.

ಅಷ್ಟರಲ್ಲಿ ಬಿಲ್ಡಿಂಗಿನ ಹೆಂಗಸರ ವಾಟ್ಸ್ಯಾಪ್ ಗುಂಪಿನಲ್ಲಿ ಮೆಸೇಜು ಬಂತು: ಮೂಲೆಯ ಚಕ್ಕಿಯ ಹಿಟ್ಟಿನಲ್ಲಿ ಯಾರಿಗೋ ಕಲ್ಲು ಸಿಕ್ಕಿ ಹಲ್ಲು ಮುರಿದಿದೆಯಂತೆ, ಎಲ್ಲರೂ ಹುಷಾರು. ಕೆಳಗೆ ಇನ್ನೊಬ್ಬರು ಬರೆದಿದ್ದರು: ಒಂದಲ್ಲ, ಎರಡು ಹಲ್ಲು, ನಾನೇ ಕಣ್ಣಾರೆ ನೋಡಿದೆ.

೩. ರಾಗಿ ಹಿಟ್ಟಿನ ಡಬ್ಬಿ

ಹೊಟ್ಟೆಯೊಳಗೆ ಇಲ್ಲವೆಂದಾದ ಮೇಲೆ ಅಡುಗೆಮನೆಯಲ್ಲೇ ಇರಬೇಕು. ಊರಿಗೆ ಹೊರಡುವ ಗಡಿಬಿಡಿಯಲ್ಲಿ ನಾನೇ ಬೇರೆ ಡಬ್ಬಿಗೆ ಹಾಕಿ ಜೋಳದ ಡಬ್ಬಿ ಎಂದು ನೆನಪಿಟ್ಟುಕೊಂಡೆನೋ ಏನೋ. ಮರುದಿನ ಎಲ್ಲರಿಗಿಂತ ಮೊದಲೆದ್ದು ಒಂದೊಂದೇ ಡಬ್ಬಿ ಇಳಿಸಿದೆ. ಸಾಬೂದಾಣಿಯಲ್ಲಿ ಹಳೆಯ ಚಮಚ ಸಿಕ್ಕಿತು. ಅವಲಕ್ಕಿಯಲ್ಲಿ ಮಗಳ ಹಾಲುಹಲ್ಲು ಕಟ್ಟಿಟ್ಟಿದ್ದ ಪೊಟ್ಟಣ ಸಿಕ್ಕಿತು. ಅದನ್ನು ಅಲ್ಲಿಟ್ಟವರು ಯಾರು, ಆ ಮೇಲೆ ಎಷ್ಟು ಸಲ ಅವಲಕ್ಕಿ ಮಾಡಿದ್ದೇವೆ ಎಂದು ನಾನು ಯೋಚಿಸಲು ಹೋಗಲಿಲ್ಲ.

ಮೇಲಿನ ಸಾಲಿನ ಮೂಲೆಯಲ್ಲಿ ರಾಗಿ ಹಿಟ್ಟಿನ ಡಬ್ಬಿ. ಜೋಳದ ರೊಟ್ಟಿಯವರ ಮನೆಗೆ ರಾಗಿ ಬಂದದ್ದೇ ಡಾಕ್ಟರ ದೆಸೆಯಿಂದ. ಗಂಡನಿಗೆ ಸಕ್ಕರೆ ಕಾಯಿಲೆ ಶುರುವಾದಾಗ ತಂದದ್ದು, ಒಂದು ದಿನ ಅಂಬಲಿ ಮಾಡಿದ್ದೆ, ಆಮೇಲೆ ಯಾರೂ ಮುಟ್ಟಿರಲಿಲ್ಲ. ಮುಚ್ಚಳ ತೆಗೆದರೆ ರಾಗಿಯೂ ಇಲ್ಲ, ಬೋರಮಾಳವೂ ಇಲ್ಲ. ಧಾರವಾಡ ಪೇಢೆ! ಡಬ್ಬಿ ತುಂಬ, ಸಕ್ಕರೆ ಉದುರಿಸಿಕೊಂಡು ಮುದ್ದಾಗಿ ಕೂತಿದ್ದವು.

ರಕ್ತ ಕುದಿಯಿತು. ನಾನು ಇಲ್ಲಿ ಮೆಂತ್ಯೆ ನೆನೆಹಾಕಿ, ಹಾಗಲಕಾಯಿ ರಸ ಹಿಂಡಿ ಸಾಯುತ್ತಿದ್ದರೆ ಇವರು ಊರಿಂದ ಪೇಢೆ ತಂದು ರಾಗಿಯ ಹೆಸರಿನಲ್ಲಿ ಬಚ್ಚಿಟ್ಟಿದ್ದಾರೆ. ಎಬ್ಬಿಸಿ ಕೇಳಬೇಕೆಂದು ಬೆಡ್‌ರೂಮಿನವರೆಗೂ ಹೋದೆ. ಹೋಗಿ ಬಾಗಿಲಲ್ಲೇ ನಿಂತೆ. 'ಬೆಳಗಾಮುಂಜಾನೆ ರಾಗಿ ಡಬ್ಬಿಯೊಳಗ ನಿನಗೇನ ಕೆಲಸ ಇತ್ತು?' ಎಂದು ಅವರು ಕೇಳಿದರೆ ನಾನೇನು ಹೇಳಲಿ? ಬಂದ ದಾರಿಗೆ ಸುಂಕವಿಲ್ಲವೆಂದು ಹಿಂತಿರುಗಿದೆ. ಸಿಟ್ಟು ಇಳಿಯಲೆಂದು ಒಂದು ಪೇಢೆ ಬಾಯಿಗೆ ಹಾಕಿಕೊಂಡೆ. ಆ ವಾರವಿಡೀ ಸಿಟ್ಟು ಬಂದಾಗಲೆಲ್ಲ ಅದೇ ಔಷಧ.

ಪೇಢೆ ಕಡಿಮೆಯಾಗುತ್ತಿರುವುದು ಅವರಿಗೂ ತಿಳಿಯಿತು. ಆದರೆ ಅವರಾದರೂ ಕೇಳುವುದು ಹೇಗೆ? ಗುರುವಾರ ಊಟದ ಹೊತ್ತಿಗೆ ಮುಖ ಸಣ್ಣದು ಮಾಡಿಕೊಂಡು, "ನಮ್ಮ ಮನಿಯೊಳಗ ಇಲಿ ಬಂದಾವೇನು?" ಎಂದರು. "ಬಂದಿರಬೇಕು. ಸಕ್ಕರೆ ಕಾಯಿಲೆ ಇಲ್ಲದ ಇಲಿ," ಅಂದೆ.

೪. ಛತ್ರಿ

ಅಡುಗೆಮನೆ ಮುಗಿಯಿತು, ಉಳಿದದ್ದು ಮಾಳಾ. ಬಾತ್‌ರೂಮಿನ ತಲೆಯ ಮೇಲೆ ಸಾಮಾನು ತುರುಕಲು ಕಟ್ಟಿದ ಗೂಡಿಗೆ ಮುಂಬೈಯಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ. ಅದರೊಳಗೆ ಹೋದ ವಸ್ತು ಬಿಲ್ಡಿಂಗ್ ಬೀಳುವವರೆಗೆ ಹೊರಗೆ ಬರುವುದಿಲ್ಲ. ಬುಧವಾರ ಆಫೀಸಿನಿಂದ ತಲೆನೋವಿನ ನೆಪ ಹೇಳಿ ಬೇಗ ಬಂದೆ. ಬಂದರೆ ಮಾಳಾದಿಂದ ಎರಡು ಕಾಲು ನೇತಾಡುತ್ತಿವೆ. ಪ್ಯಾಂಟಿನ ಗುರುತು ಹಿಡಿದೆ, ನನ್ನ ಗಂಡನದೇ. ಅವರೂ ಆಫೀಸಿಗೆ ತಲೆನೋವೆಂದು ಹೇಳಿ ಬಂದಿದ್ದರಂತೆ.

"ಏನ್ ಹುಡುಕ್ಲಿಕ್ಕತ್ತೀರಿ?"

"ಛತ್ರಿ," ಎಂದು ದನಿ ಬಂತು.

"ಛತ್ರಿ ಬಾಗಲಾ ಹಿಂದ ಐತಲ್ರೀ."

"ಅದಲ್ಲ, ಇನ್ನೊಂದು."

ಇನ್ನೊಂದೂ ಸಿಕ್ಕಿತು. ಅದರ ಹಿಂದೆ ಮತ್ತೊಂದು. ಪ್ರತಿ ಮಳೆಗಾಲಕ್ಕೂ ಹಳೆಯದು ಸಿಗದೆ ಹೊಸದು ಕೊಳ್ಳುತ್ತಿದ್ದೆವಲ್ಲ, ಅವೆಲ್ಲವೂ ಅಲ್ಲಿ ಒಂದರ ಮೈಮೇಲೊಂದು ಮಲಗಿದ್ದವು. ಕಪ್ಪು, ಹೂವಿನದು, ಮಗಳ ಬಾಲವಾಡಿಯ ಕಾಲದ ಬೆಕ್ಕಿನ ಕಿವಿಯದು. ಅವರು ಒಂದೊಂದಾಗಿ ಕೆಳಗೆ ಕೊಡುತ್ತಾ ಹೋದರು, ನಾನು ಹಾಲಿನಲ್ಲಿ ಸಾಲಾಗಿ ಇಡುತ್ತಾ ಹೋದೆ. ನನಗೋ ಅವರು ಬೇಗ ಇಳಿದರೆ ಸಾಕು, ನಾನು ಹತ್ತಬೇಕು. ಅವರಿಗೋ ಇಳಿಯುವ ಮನಸ್ಸೇ ಇಲ್ಲ. ಸೂಟ್‌ಕೇಸು ತೆರೆದು ಮುಚ್ಚುವ ಸದ್ದು ಬೇರೆ ಕೇಳುತ್ತಿತ್ತು. ಸೂಟ್‌ಕೇಸಿನಲ್ಲಿ ಯಾವ ಛತ್ರಿ ಎಂದು ನನಗೆ ಅರ್ಥವಾಗಲಿಲ್ಲ.

ಕೊನೆಗೆ ನಾನೇ, "ಇಷ್ಟ ಛತ್ರಿ ಸಾಕಲ್ರೀ, ಇಳೀರಿ ಇನ್ನ," ಅಂದೆ. ಧೂಳು ಮೆತ್ತಿದ ಮುಖ ಹೊರಗೆ ಚಾಚಿ ಹಾಲಿನ ತುಂಬ ಹರಡಿದ್ದ ಛತ್ರಿಗಳನ್ನು ನೋಡಿದರು. ನೆಪವೆಲ್ಲ ಖರ್ಚಾಗಿತ್ತು. "ಛತ್ರಿ ಸಿಕ್ವು," ಎಂದು ಗಂಭೀರವಾಗಿ ಹೇಳಿ ಮುಖ ಒಳಗೆಳೆದುಕೊಂಡರು, "ಈಗ ರೇನ್‌ಕೋಟ್ ಹುಡುಕಬೇಕು."

೫. ಗಂಟು

ಇತ್ತ ಅತ್ತೆಗೂ ಏನೋ ಆಗಿತ್ತು. ಸೋಮವಾರದಿಂದ ಅವರು ಕೂತಲ್ಲಿ ಕೂರುತ್ತಿರಲಿಲ್ಲ. ಹೊರಗೆ ಧೋ ಎಂದು ಮಳೆ, ಬಟ್ಟೆ ಒಣಗದೆ ಫ್ಯಾನಿಗೆ ಜೋತಾಡುತ್ತಿವೆ, ಅಂಥದ್ದರಲ್ಲಿ ಕೌದಿ ಹೊಲಿಯುತ್ತೇನೆಂದು ಹಳೆ ಸೀರೆಗಳ ಗಂಟು ಬಿಚ್ಚಿಕೊಂಡು ಕೂತರು. ಒಂದು ಚಿಂದಿ ತೆಗೆಯುವುದು, ಕೊಡವುವುದು, ಮಡಚಿ ಇಡುವುದು, ಮತ್ತೆ ಅದನ್ನೇ ಬಿಚ್ಚಿ ಕೊಡವುವುದು. ಸೂಜಿ-ದಾರ ಮಾತ್ರ ಎಲ್ಲೂ ಕಾಣಲಿಲ್ಲ.

"ಅತ್ತಿ, ಸರೀರಿ, ನಾನೂ ಒಂದಿಷ್ಟ ಮಡಚಿ ಕೊಡ್ತೇನಿ," ಎಂದು ನಾನೂ ಕೂತೆ. ಗಂಟೊಳಗೇನಾದರೂ ಬೋರಮಾಳ ಸೇರಿಕೊಂಡಿದ್ದರೆ ನೋಡಿದ ಹಾಗಾಯಿತು ಎಂಬ ಲೆಕ್ಕ ನನ್ನದು.

"ಬ್ಯಾಡವಾ, ನಿನಗ ತ್ರಾಸ ಯಾಕ?" ಎಂದು ಅವರು ಗಂಟನ್ನು ತಮ್ಮ ಕಡೆ ಎಳೆದರು. ನಾನು ನನ್ನ ಕಡೆ ಎಳೆದೆ. ಆ ಎಳೆದಾಟದಲ್ಲಿ ತಳದಿಂದ ಗಿಳಿಹಸಿರು ಸೀರೆಯೊಂದು ಹೊರಗೆ ಬಿತ್ತು. ಅದು ಹೋದ ವರ್ಷ ನಾದಿನಿ ಕೊಟ್ಟ ಸೀರೆ. ಉಟ್ಟರೆ ನಾನು ಪಪ್ಪಾಯಿ ಕಾಯಿಯ ಹಾಗೆ ಕಾಣುತ್ತೇನೆಂದು, ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಭಾಂಡೆವಾಲಿಗೆ ಯಾರಿಗೂ ಕಾಣದ ಹಾಗೆ ಹಾಕಿ, ಒಂದು ಒಳ್ಳೆಯ ಡಬ್ಬಿ ತೆಗೆದುಕೊಂಡಿದ್ದೆ. ಡಬ್ಬಿಯೂ ಮರುದಿನವೇ ಕಾಣೆಯಾಗಿತ್ತು. ಎಷ್ಟು ಹುಡುಕಿದ್ದೆ ಅದನ್ನು!

"ಇದು ಇಲ್ಲಿ ಹ್ಯಾಂಗ ಬಂತ್ರಿ?" ಎಂದು ತಡವರಿಸಿದೆ.

ಅತ್ತೆ ಮುಖ ಎತ್ತದೆ ಸೀರೆ ಮಡಚುತ್ತಾ ಹೇಳಿದರು, "ನೀ ಆಫೀಸಿಗೆ ಹೋದ ಮ್ಯಾಲ ಆಕಿ ಗೇಟಿನ್ಯಾಗ ಕುಂತಿದ್ಲು. ಆಕಿ ಡಬ್ಬಿ ಆಕಿಗೆ ಕೊಟ್ಟೆ, ನನ್ನ ಮಗಳ ಸೀರಿ ನಾ ತಂದೆ."

೬. ಕೋಟು

ಗುರುವಾರ ನಮ್ಮ ರಾಯರಿಗೆ ಸೂಟಿನ ಹುಚ್ಚು ಹತ್ತಿತು. ಮದುವೆಯಲ್ಲಿ ಹೊಲಿಸಿದ ಸೂಟು. ಪ್ಯಾಂಟು ಯಾವತ್ತೋ ಅವರನ್ನು ಬಿಟ್ಟು ಹೋಗಿತ್ತು, ಕೋಟು ಮಾತ್ರ ಇತ್ತು. ರವಿವಾರದ ನಿಶ್ಚಯಕ್ಕೆ ಅದನ್ನೇ ಹಾಕುತ್ತೇನೆ, ಎಲ್ಲಿದೆ, ಎಲ್ಲಿಟ್ಟೆ, ಯಾರು ಮುಟ್ಟಿದರು ಎಂದು ಒಂದೇ ಗಲಾಟೆ. ಈ ಸೆಕೆಯಲ್ಲಿ, ಜೋಗೇಶ್ವರಿಯ ನಾದಿನಿಯ ಹಾಲಿನಲ್ಲಿ, ಉಣ್ಣೆಯ ಕೋಟು!

ಸೋಫಾದ ಮೇಲೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬಿದ್ದುಕೊಂಡಿದ್ದ ಮಗಳು ಒಂದು ಕಿವಿ ಖಾಲಿ ಮಾಡಿ, "ಪಪ್ಪಾ, ಬ್ಲ್ಯಾಕ್ ವಾಲಾ ಕೋಟ್? ವೋ ತೋ ನಾನು ಫ್ರೆಂಡ್‌ಗೆ ಕೊಟ್ಟೆ ನಾ. ಮೇ ತಿಂಗಳಲ್ಲೇ. ಅವಳಿಗೆ ರೀಲ್ ಮಾಡೋಕೆ ಓವರ್‌ಸೈಜ್ ಬೇಕಿತ್ತು," ಅಂದಳು.

ಅವರು ಮಗಳ ಮುಂದೆ ಬಂದು ನಿಂತರು. "ಫ್ರೆಂಡ್ ಎಲ್ಲಿರ್ತಾಳ?"

"ಮುಲುಂಡ್. ವೈ?"

ಕೇಳುವುದಕ್ಕೆ ಅವರು ಅಲ್ಲಿರಲಿಲ್ಲ. ಬಾಗಿಲ ಹಿಂದೆ ಅಷ್ಟೊಂದು ಛತ್ರಿಗಳು ಸಾಲಾಗಿ ನಿಂತಿದ್ದರೂ ಒಂದನ್ನೂ ಒಯ್ಯದೆ ಮಳೆಯಲ್ಲಿ ಓಡಿದ್ದರು. ತಿರುಗಿ ಬಂದಾಗ ತಲೆಯಿಂದ ನೀರು ಸುರಿಯುತ್ತಿತ್ತು, ಕೋಟು ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿ ಬೆಚ್ಚಗಿತ್ತು. ಹಾಲಿನ ನಡುವೆ ನಿಂತು ಅದರ ಕಿಸೆ ಮುಟ್ಟಿ ನೋಡಿದರು. ಒಳಗಿನ ಕಿಸೆ ನೋಡಿದರು. ಅಸ್ತರ್ ತಿರುವಿ ನೋಡಿದರು. ಮೊದಲಿನ ಕಿಸೆಯನ್ನೇ ಮತ್ತೆ ನೋಡಿದರು. ಲೋಕಲಿನಲ್ಲಿ ಪಾಕೀಟು ಹೊಡೆಸಿಕೊಂಡವರು ಪ್ಲಾಟ್‌ಫಾರ್ಮಿನಲ್ಲಿ ನಿಂತು ಮಾಡುವುದು ಹೀಗೇ. ಆಮೇಲೆ ಕೋಟನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತುಬಿಟ್ಟರು. ಕಣ್ಣಂಚು ಒದ್ದೆಯಾಗಿತ್ತು.

ಮದುವೆಯ ನೆನಪಿಗೆ ಇಷ್ಟು ಬೆಲೆ ಕೊಡುವ ಗಂಡಸನ್ನು ಪೇಢೆಯ ಸಲುವಾಗಿ ಬೈದುಕೊಂಡೆನಲ್ಲ ಎಂದು ಪಶ್ಚಾತ್ತಾಪವಾಗಿ, ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ, "ನನಗೂ ಆ ದಿನ ಭಾಳ ನೆನಪಾಗ್ತದರಿ," ಅಂದೆ. ಅವರು ಶೂನ್ಯದೃಷ್ಟಿಯಿಂದ ನನ್ನನ್ನು ನೋಡಿ, "ಯಾವ ದಿನ?" ಅಂದರು.

೭. ಬಾಯಿಯ ಪಂಚಾಯಿತಿ

ಶನಿವಾರ ಬಂದೇಬಿಟ್ಟಿತು. ಬೆಳಗಾದರೆ ನಿಶ್ಚಯ. ನನ್ನ ಸ್ಥಿತಿ ಹೇಳತೀರದು. ಕೊರಳು ಬೋಳಾಗಿ ಹೋದರೆ ಜನ ಏನಂದಾರು ಎಂಬ ಚಿಂತೆ ಅಷ್ಟಿರಲಿಲ್ಲ. ಅವ್ವ ಮಷೀನು ತುಳಿಯುತ್ತಿದ್ದ ಸದ್ದು ಕಿವಿಯಲ್ಲಿ ಕೇಳಿಸುತ್ತಿತ್ತು, ಅವಳು ದುಡಿದು ಮಾಡಿಸಿದ್ದನ್ನೇ ಕಳೆದುಬಿಟ್ಟೆನಲ್ಲ ಎಂದು ಅಳು ತಡೆದುಕೊಂಡಿದ್ದೆ. ನಾನು ಗ್ಯಾಸಿನ ಕಟ್ಟೆಯ ಕೆಳಗೆ ತಲೆ ಹಾಕಿದ್ದೆ. ಅತ್ತೆ ಪಲ್ಲಂಗದ ಕೆಳಗೆ ಕಸಬರಿಗೆ ಆಡಿಸುತ್ತಿದ್ದರು. ಗಂಡ ಸ್ಟೂಲಿನ ಮೇಲೆ ನಿಂತು ಫ್ಯಾನಿನ ರೆಕ್ಕೆ ಒರೆಸುತ್ತಿದ್ದರು. ಅಷ್ಟರಲ್ಲಿ ಕೆಲಸದ ಬಾಯಿ ಬಂದಳು. ಚಪ್ಪಲಿ ಬಿಟ್ಟವಳು ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಭಾಭಿ, ಒಂದ ಮಾತ ಕೇಳ್ತೀನಿ, ಸೀದಾ ಜವಾಬ್ ಕೊಡ್ರಿ. ಮೇರೆಕು ನಿಕಾಲ್ ರೈಂ ಕ್ಯಾ? ನನ್ನ ಕೆಲಸದಿಂದ ತಗೀಲಿಕ್ಕತ್ತೀರೇನು?"

ನಾನು ಕಟ್ಟೆಗೆ ತಲೆ ಬಡಿಸಿಕೊಂಡು ಹೊರಗೆ ಬಂದೆ. "ಯಾರ ಹೇಳಿದ್ರು ನಿನಗ?"

"ಯಾರ ಹೇಳಬೇಕು? ನನಗ ಕಣ್ಣಿಲ್ಲೇನು? ಸೋಮವಾರದಿಂದ ನೋಡ್ಲಿಕ್ಕತ್ತೀನಿ. ನಾ ಬರೂದ್ರಾಗ ಡಬ್ಬಿ ಎಲ್ಲಾ ನೀವs ಒರಸಿರ್ತೀರಿ. ದಾದಿಮಾ ಪಲ್ಲಂಗದ ಕೆಳಗ ಕಸಾ ಹೊಡದಿರ್ತಾರ. ಸಾಬ್ ಪಂಖಾ ಒರಸ್ತಾರ. ಪಂಖಾ! ಇಷ್ಟ ವರ್ಷದಾಗ ಸಾಬ್ ಕುಂತ ಗಿಲಾಸ ಎತ್ತಿ ಇಟ್ಟಿದ್ದಿಲ್ಲ. ನನ್ನ ಕಾಮ್ ಪಸಂದ್ ಇಲ್ಲಂದ್ರ ಮಾರಿ ಮ್ಯಾಲ ಹೇಳ್ರಿ, ಮೂರೂ ಮಂದಿ ಕೂಡಿ ಹಿಂಗ ನನ್ನ ಕೆಲಸ ಕಸಗೋಬ್ಯಾಡ್ರಿ." ಅವಳ ದನಿ ಒಡೆಯಿತು. "ಈ ಮನಿ ಬಿಟ್ರ ನನ್ನ ಜೋಡಿ ಕನ್ನಡ ಮಾತಾಡೋರು ಯಾರ ಅದಾರ?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ವಾರವಿಡೀ ಒಂದೇ ಮನೆಯಲ್ಲಿ ಮೂವರೂ ಹುಡುಕುತ್ತಿದ್ದೆವೆಂದು ನನಗೆ ಹೊಳೆದದ್ದು ಆಗಲೇ.

"ಅತ್ತಿ, ನೀವು ಪಲ್ಲಂಗದ ಕೆಳಗ ಏನ ಹುಡುಕ್ಲಿಕ್ಕತ್ತೀರಿ?" ಎಂದು ಕೇಳಿದೆ.

ಅತ್ತೆ ಕಸಬರಿಗೆ ಕೆಳಗಿಟ್ಟು ಸೆರಗು ಕಣ್ಣಿಗೆ ಒತ್ತಿಕೊಂಡರು. "ನಿನ್ನ ಬೋರಮಾಳವಾ. ಊರಿಗೆ ಹೊಂಡೋ ದಿನ ನೀ ಜಳಕಕ್ಕ ಹೋದಾಗ ಜ್ವಾಳದಾಗಿಂದ ನಾನ ತಗದೆ. ಜ್ವಾಳ ಚಕ್ಕಿಗೆ ಹೋಗಿ ಬಿಟ್ಟೀತು ಅಂತ ಹೆದರಿ ಕೌದಿ ಗಂಟಿನ್ಯಾಗ ಇಟ್ಟೆ. ಅದರಾಗ ಈಗಿಲ್ಲ. ನನ್ನ ಮಗಳಿಗೆ ಕೊಟ್ಟೆ ಅಂತ ನೀ ತಿಳಕೊಂಡ್ರ ನಾ ಯಾವ ಬಾಯಿಲೆ ಅಲ್ಲ ಅನ್ಲಿ?"

ನನಗೆ ಸಂಕಟವಾಯಿತು. ಆ ಮಾತು ನನ್ನ ತಲೆಗೆ ಬಂದಿರಲೇ ಇಲ್ಲ, ಈ ಜೀವ ಅದೇ ಹೆದರಿಕೆಯಲ್ಲಿ ಒಂದು ವಾರ ನಿದ್ದೆಗೆಟ್ಟಿದೆ. ಅವರ ಕೈ ಹಿಡಿದುಕೊಂಡು ಏನೋ ಹೇಳಬೇಕೆನ್ನುವಷ್ಟರಲ್ಲಿ ಸ್ಟೂಲಿನ ಮೇಲಿನಿಂದ ಗಂಟಲು ಸರಿಮಾಡಿಕೊಳ್ಳುವ ಸದ್ದು ಬಂತು.

"ಅವ್ವಾ, ಗಂಟಿನ್ಯಾಗಿಂದ ನಾ ತಗದೆ. ನೀವಿಬ್ಬರೂ ಹೋದ ಮ್ಯಾಲ ಗಾಡಿ ಒರಸ್ಲಿಕ್ಕೆ ಅರಿವಿ ತಗೀಲಿಕ್ಕೆ ಹೋದ್ರ ಕೈಗೆ ಬಂತು. ಯಾರರೆ ಚಿಂದಿ ಅಂತ ಭಾಂಡೆವಾಲಿಗೆ ಕೊಟ್ರ ಗತಿ ಏನಂತ ಕೋಟಿನ ಕಿಸೆದಾಗ ಇಟ್ಟೆ. ಊರಿಗೆ ಹೋಗೋ ಗಡಿಬಿಡಿಯೊಳಗ ಮರತs ಬಿಟ್ಟೆ. ಈಕಿ ಜ್ವಾಳ ಸುರವಿದ ದಿನ ನೆನಪಾತು, ನೋಡಿದ್ರ ಕೋಟs ಇಲ್ಲ. ಮುಲುಂಡಿಂದ ತಂದೆ, ಕಿಸೆ ಖಾಲಿ."

ಮುಲುಂಡಿನಲ್ಲಿ ಯಾವುದೋ ಹುಡುಗಿ, ಅವಳ ರೀಲು, ಅವಳ ಮನೆಗೆ ಬಂದು ಹೋದ ಜನ, ಅಲ್ಲಿಗೆ ಅವ್ವನ ಬೋರಮಾಳದ ಕಥೆ ಮುಗಿಯಿತೆಂದು ನಾನು ನೆಲಕ್ಕೆ ಕುಸಿದೆ. ತಡೆದುಕೊಂಡಿದ್ದ ಅಳು ಒಡೆಯಿತು. ಅತ್ತೆಯೂ ಅತ್ತರು. ಏನೆಂದು ಪೂರ್ತಿ ತಿಳಿಯದೆ ಬಾಯಿಯೂ ಅತ್ತಳು. ಅವಳಿಗೆ ಕೆಲಸ ಉಳಿಯಿತೆಂಬ ಸಮಾಧಾನವೂ ಅದರಲ್ಲಿ ಸೇರಿತ್ತು.

ಸೋಫಾದ ಮೇಲಿದ್ದ ಮಗಳು ಇಷ್ಟೂ ಹೊತ್ತು ಫೋನಿನಲ್ಲಿ ಮುಳುಗಿದ್ದವಳು, ಎಲ್ಲರ ಬಾಯಿ ವಿಚಿತ್ರವಾಗಿ ತೆರೆದುಕೊಂಡಿರುವುದನ್ನು ಕಂಡು ಇಯರ್‌ಫೋನ್ ಕಿತ್ತಳು.

"ಕ್ಯಾ ಹುವಾ? ಎಲ್ಲಾರೂ ಯಾಕೆ ಅಳ್ತಾ ಇದ್ದೀರಾ?"

"ಕೋಟಿನ್ಯಾಗ ಬೋರಮಾಳ ಇತ್ತು," ಅಂದರು ಗಂಡ.

"ಹಾಂ, ಇತ್ತು. ಫ್ರೆಂಡ್‌ಗೆ ಕೊಡೋ ಮುಂಚೆ ಪಾಕೆಟ್ ಚೆಕ್ ಮಾಡಿದೆ ನಾ. ತೆಗೆದು ಇಟ್ಟೆ."

"ಎಲ್ಲಿ?" ನಾಲ್ಕು ದನಿ ಒಟ್ಟಿಗೆ ಬಂದವು. ಬಾಯಿಯದೂ ಸೇರಿ.

"ತಿಜೋರಿ ಮೇ. ಬಂಗಾರ ಔರ್ ಕಹಾಂ, ಮತ್ತೆಲ್ಲಿ ಇಡ್ತಾರೆ?"

ಬೆಡ್‌ರೂಮಿನ ಕಬ್ಬಿಣದ ಕಪಾಟಿನೊಳಗೆ, ಸಣ್ಣ ಬಾಗಿಲು, ಸಣ್ಣ ಕೀಲಿ ಇರುವ ತಿಜೋರಿಯೊಂದಿದೆ. ಕಳ್ಳರು ಮೊದಲು ಒಡೆಯುವುದು ಅದನ್ನೇ ಎಂದು ಗೊತ್ತಿದ್ದುದರಿಂದ, ಕಪಾಟು ಮನೆಗೆ ಬಂದ ದಿನದಿಂದ ಅದರಲ್ಲಿ ಬೆಲೆಬಾಳುವುದೇನನ್ನೂ ಯಾರೂ ಇಟ್ಟವರಲ್ಲ. ಹಾಗಾಗಿ ವಾರವಿಡೀ ಮನೆ ಬುಡಮೇಲು ಮಾಡಿದ ಮೂವರಲ್ಲಿ ಒಬ್ಬರೂ ಅದರ ಬಾಗಿಲು ಎಳೆದು ನೋಡಿರಲಿಲ್ಲ. ಈಗ ಎಲ್ಲರೂ ಓಡಿದೆವು. ಕೀಲಿ ಬಾಗಿಲಲ್ಲೇ ಜೋತಾಡುತ್ತಿತ್ತು. ಕೆಟ್ಟ ಗಡಿಯಾರ, ಸತ್ತ ಟೀವಿಯ ರಿಮೋಟು, ಬತ್ತಿಯ ಹತ್ತಿ. ಅವುಗಳ ಮೇಲೆ ನನ್ನ ಕರವಸ್ತ್ರದ ಗಂಟು.

ಬಿಚ್ಚಿ ಕೊರಳಿಗೆ ಹಾಕಿಕೊಂಡೆ. ಮೈಮೇಲೆ ಹರಿದ ಮ್ಯಾಕ್ಸಿ, ತಲೆತುಂಬ ಜೇಡರ ಬಲೆ, ಕೊರಳಲ್ಲಿ ಬೋರಮಾಳ. ಗುಂಡುಗಳು ತಣ್ಣಗೆ ತಾಗಿದೊಡನೆ ಅವ್ವನೇ ಕೈಯಿಟ್ಟ ಹಾಗಾಗಿ ಇನ್ನೊಂದು ಸಲ ಅಳು ಬಂತು. ಅತ್ತೆ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಗಂಡ ಯಾರೂ ಕೇಳದಿದ್ದರೂ ಎದ್ದು ಹೋಗಿ ರಾಗಿ ಡಬ್ಬಿ ತಂದು ಎಲ್ಲರಿಗೂ ಪೇಢೆ ಹಂಚಿದರು, ಬಾಯಿಗೆ ಎರಡು. ಮಗಳು ಒಂದು ಪೇಢೆ ಬಾಯಿಗೆ ಹಾಕಿಕೊಂಡು, ತನ್ನನ್ನು ಯಾರಾದರೂ ಶಾಭಾಸ್ ಅನ್ನುತ್ತಾರೆಂದು ನಗುತ್ತಾ ನಿಂತಿದ್ದಳು.

ಅತ್ತೆ ಕಣ್ಣೊರೆಸಿಕೊಂಡು ಅವಳ ಕಡೆ ತಿರುಗಿದರು. ಮುಖ ಕೆಂಪಗಾಗಿತ್ತು.

"ಬುದ್ಧಿ ಐತೇನ ನಿನಗ? ಇಷ್ಟ ದೊಡ್ಡಾಕಿ ಆಗಿ, ಕಾಲೇಜ ಕಲತು, ಬಂಗಾರ ಒಯ್ದು ತಿಜೋರಿಯೊಳಗ ಇಡ್ತೀಯಲ್ಲ! ಕಳದ ಹೋಗಿದ್ರ?"